ಸರ್ಪಗಂಧದ ಬೇರಿನಿಂದ ದಿನದ ಗುಳಿಗೆಯವರೆಗೆ

ಬಳ್ಳಾರಿ ಸೀಮೆಯ ಮಟ್ಟಿಗೆ 1953 ದೊಡ್ಡ ವರ್ಷ. ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಇಳಿದದ್ದು ಆಗ. ಬಳ್ಳಾರಿ, ಸಿರುಗುಪ್ಪ ಸೇರಿ ಏಳು ತಾಲ್ಲೂಕುಗಳು ಮದ್ರಾಸಿನ ಆಡಳಿತದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿದ್ದು ಅದೇ ವರ್ಷದ ಅಕ್ಟೋಬರ್ 1ರಂದು. ಇವೆರಡನ್ನೂ ಶಾಲೆಯ ಮಕ್ಕಳೂ ಬಲ್ಲರು. ಅದೇ ಹೊತ್ತಿಗೆ ನಡೆದ ಮೂರನೆಯ ಸಂಗತಿಯೊಂದು ನಮ್ಮ ನೆನಪಿನಲ್ಲಿ ಉಳಿದಿಲ್ಲ. ಭಾರತದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ಸಾರ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಗುಳಿಗೆಯಾಗಿ ಆಗ ಜಗತ್ತಿನ ಆಸ್ಪತ್ರೆಗಳಿಗೆ ಹೊರಟಿತ್ತು. ಅದುವರೆಗೆ ರಕ್ತದೊತ್ತಡ ಏರಿದವರಿಗೆ ಹೆಚ್ಚಿನ ವೈದ್ಯರು ಕೊಡುತ್ತಿದ್ದದ್ದು ವಿಶ್ರಾಂತಿ, ಉಪ್ಪಿಲ್ಲದ ಊಟ, ನಿದ್ದೆಯ ಮದ್ದು, ತೀರ ಕೆಟ್ಟ ಸ್ಥಿತಿಯಲ್ಲಿ ಬೆನ್ನಿನ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ, ಹೆಚ್ಚುಕಡಿಮೆ ಇಷ್ಟೇ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಈ ಚಿತ್ರ ಪೂರ್ತಿ ಬದಲಾಯಿತು.

ಈ ಬದಲಾವಣೆಯ ಕಥೆಯನ್ನು ಸಾಮಾನ್ಯವಾಗಿ ಔಷಧಗಳ ಸಾಲಾಗಿ ಹೇಳುತ್ತಾರೆ: ಮೊದಲು ಇದು ಸಿಕ್ಕಿತು, ಆಮೇಲೆ ಅದು ಬಂತು. ನನಗೆ ಅದು ಅರ್ಧ ಕಥೆಯಾಗಿ ಕಾಣುತ್ತದೆ. ಒತ್ತಡ ಇಳಿಸುವ ಬೇರು ನಮ್ಮ ನೆಲದಲ್ಲಿ ಮೊದಲಿನಿಂದಲೂ ಇತ್ತು. ಬೇರು ಇದ್ದಷ್ಟರಿಂದ ಯಾರ ಲಕ್ವವೂ ತಪ್ಪಲಿಲ್ಲ. ಒತ್ತಡವನ್ನು ಅಳೆದು, ಮದ್ದು ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿ, ಮದ್ದು ದಿನವೂ ಹೊಟ್ಟೆ ಸೇರುವಂತೆ ನೋಡಿಕೊಂಡ ಮೇಲೆಯೇ ಜೀವಗಳು ಉಳಿದವು. ಬಳ್ಳಾರಿ–ಸಿರುಗುಪ್ಪ ರಸ್ತೆಯ ಎರೆಹೊಲಗಳ ನಡುವಿನ ಬಾದನಹಟ್ಟಿಯಂಥ ಊರಿಗೆ ಇಂದು ಬೇಕಾಗಿರುವುದೂ ಇದೇ. ಇನ್ನೊಂದು ಹೊಸ ಔಷಧ ಬಂದರೆ ಒಳ್ಳೆಯದೇ, ಆದರೆ ಇರುವ ಗುಳಿಗೆ ಬಿಡದೆ ತಲುಪುವುದು ಅದಕ್ಕಿಂತ ದೊಡ್ಡ ಕೆಲಸ. ಈ ಮಾತಿಗೆ ಆಧಾರವನ್ನು ಇತಿಹಾಸವೇ ಒದಗಿಸುತ್ತದೆ.

ಅಳತೆಯಿಂದಲೇ ಶುರು ಮಾಡಬೇಕು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯೊಂದರ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೆ ಏರುವುದನ್ನು ತೋರಿಸಿದ್ದ. ಮನುಷ್ಯರಿಗೆ ಈ ಉಪಾಯ ಸಲ್ಲುವಂತಿರಲಿಲ್ಲ. 1870ರ ದಶಕದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಫ್ರೆಡರಿಕ್ ಅಕ್ಬರ್ ಮಹಮದ್ ಎಂಬ ಯುವ ವೈದ್ಯ ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ಸುಧಾರಿಸಿ ಬಳಸಿದ. ಪಾಟ್ನಾದಲ್ಲಿ ಹುಟ್ಟಿ ಬ್ರಿಟನ್ನಿಗೆ ಹೋಗಿ ನೆಲೆಸಿದ ದೀನ್ ಮಹಮದನ ಮೊಮ್ಮಗ ಈತ. ಮೂತ್ರಪಿಂಡದ ರೋಗವಿಲ್ಲದೆಯೂ ನಾಳಗಳ ಒತ್ತಡ ಏರಿರಬಹುದು, ಆ ಏರಿಕೆಯೇ ಮುಂದೆ ಹೃದಯ, ಮೂತ್ರಪಿಂಡಗಳನ್ನು ಕೆಡಿಸಬಹುದು ಎಂಬ ತಿಳಿವಳಿಕೆಗೆ ದಾರಿ ತೆರೆದವರಲ್ಲಿ ಅವನು ಮೊದಲಿಗ. 1884ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ, ವಿಷಮಶೀತಜ್ವರಕ್ಕೆ ಬಲಿಯಾದ. ಅವನ ಕೆಲಸ ಬಹುಕಾಲ ಮರೆವಿಗೆ ಸರಿಯಿತು. 1896ರಲ್ಲಿ ಇಟಲಿಯ ರೀವಾ-ರೊಚ್ಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ರೂಪಿಸಿದ. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಆ ಪಟ್ಟಿಯ ಕೆಳಗೆ ಕಿವಿಗೊಳವೆ ಇಟ್ಟು ಕೇಳುವ ಸದ್ದುಗಳನ್ನು ವಿವರಿಸಿದ. ಮೇಲಿನ ಅಂಕಿ, ಕೆಳಗಿನ ಅಂಕಿ ಎಂದು ನಾವು ಇಂದು ಹೇಳುವ ಎರಡು ಸಂಖ್ಯೆಗಳು ಹೀಗೆ ಎಲ್ಲ ವೈದ್ಯರ ಕೈಗೂ ಬಂದವು.

ಸಂಖ್ಯೆ ಸಿಕ್ಕಿತು, ಅದರ ಅರ್ಥ ಮಾತ್ರ ತಲೆಕೆಳಗಾಗಿ ಹೊಳೆಯಿತು. ವಯಸ್ಸಾದಂತೆ ನಾಳಗಳು ಗಡುಸಾಗುತ್ತವೆ, ಗಡುಸಾದ ನಾಳದಲ್ಲಿ ರಕ್ತ ದೂಡಲು ದೇಹವೇ ಒತ್ತಡ ಏರಿಸಿಕೊಳ್ಳುತ್ತದೆ, ಅದನ್ನು ಇಳಿಸಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದೆ ಹೋದೀತು ಎಂಬುದು ಇಪ್ಪತ್ತನೆಯ ಶತಮಾನದ ಮೊದಲರ್ಧದ ದೊಡ್ಡ ವೈದ್ಯರ ನಂಬಿಕೆಯಾಗಿತ್ತು. ಅಮೆರಿಕದ ಹೃದ್ರೋಗ ಶಾಸ್ತ್ರದ ಹಿರಿಯ ಪಾಲ್ ಡಡ್ಲಿ ವೈಟ್ ಕೂಡ 1930ರ ದಶಕದಲ್ಲಿ ಈ ಸಂದೇಹವನ್ನು ಬರೆದಿಟ್ಟಿದ್ದರು. ಆ ನಂಬಿಕೆಯ ಬೆಲೆ ಎಷ್ಟೆಂಬುದು ಒಬ್ಬ ರಾಷ್ಟ್ರಾಧ್ಯಕ್ಷರ ದಾಖಲೆಗಳಲ್ಲೇ ಇದೆ. 1944ರ ಮಾರ್ಚಿನಲ್ಲಿ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ಫ್ರಾಂಕ್ಲಿನ್ ರೂಸ್ವೆಲ್ಟರ ಒತ್ತಡ 186/108 ಇತ್ತು. ಎರಡನೆಯ ಮಹಾಯುದ್ಧ ನಡೆಸುತ್ತಿದ್ದ ಆ ಮನುಷ್ಯನಿಗೆ ಜಗತ್ತಿನ ಅತ್ಯಂತ ಶ್ರೀಮಂತ ದೇಶ ಕೊಡಬಲ್ಲದ್ದಾಗಿದ್ದದ್ದು ಹೃದಯಕ್ಕೆ ಡಿಜಿಟಾಲಿಸ್, ಉಪ್ಪು ಕಡಿಮೆಯ ಊಟ, ವಿಶ್ರಾಂತಿ. 1945ರ ಏಪ್ರಿಲ್ 12ರಂದು ಒತ್ತಡ 300/190ಕ್ಕೆ ಏರಿತ್ತು. ಮಿದುಳಿನೊಳಗೆ ರಕ್ತ ಒಸರಿ ಅವರು ಅಂದೇ ತೀರಿಕೊಂಡರು. ವಯಸ್ಸು 63. ಅಧಿಕಾರ, ಹಣ, ತಜ್ಞರು ಎಲ್ಲವೂ ಬಳಿಯಿದ್ದರೂ ಒತ್ತಡ ತಗ್ಗಿಸುವ ನಂಬಬಹುದಾದ ಮದ್ದು ಮಾತ್ರ ಇರಲಿಲ್ಲ.

ಹಾಗಾದರೆ ಮೊದಲು ಕೆಡುವುದು ನಾಳವೋ, ಮೊದಲು ಏರುವುದು ಒತ್ತಡವೋ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಪ್ರಯೋಗಶಾಲೆಯಿಂದ ಬಂತು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಚಿಮಟಿಯಿಂದ ಕಿರಿದಾಗಿಸಿದರೆ ಒತ್ತಡ ಏರಿ ಅಲ್ಲೇ ನಿಲ್ಲುತ್ತದೆಂದು ತೋರಿಸಿದರು. 1939ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಬೈರಮ್ ಇಲಿಗಳ ಒಂದೇ ಬದಿಯ ಮೂತ್ರಪಿಂಡಕ್ಕೆ ಚಿಮಟಿ ಹಾಕಿ ನೋಡಿದಾಗ ಸಿಕ್ಕ ಫಲ ಇನ್ನೂ ಮಾತಾಡುವಂಥದ್ದು: ಚಿಮಟಿ ಇಲ್ಲದ, ಪೂರ್ತಿ ಒತ್ತಡ ಬಡಿಯುತ್ತಿದ್ದ ಮೂತ್ರಪಿಂಡದ ಸಣ್ಣ ನಾಳಗಳು ಕೊಳೆತವು, ಚಿಮಟಿಯ ಆಚೆ, ಒತ್ತಡ ತಗ್ಗಿದ್ದ ಮೂತ್ರಪಿಂಡದ ನಾಳಗಳು ಉಳಿದವು. ಪ್ರಾಣಿ ಒಂದೇ, ರಕ್ತ ಒಂದೇ, ಆಹಾರ ಒಂದೇ, ಬೇರೆಯಾಗಿದ್ದದ್ದು ಒತ್ತಡವೊಂದೇ. ಮನುಷ್ಯ ದೇಹದಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಒತ್ತಡ ಬಹಳ ಕಡಿಮೆ, ಅಲ್ಲಿ ಕೊಬ್ಬಿನ ಗಂಟು ಕಟ್ಟುವುದು ಅಪರೂಪ. ಕಾಲಿನ ಅಭಿಧಮನಿಗಳಲ್ಲಿಯೂ ಹಾಗೆಯೇ. ಆದರೆ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಅದೇ ಅಭಿಧಮನಿಯನ್ನು ತೆಗೆದು ಹೃದಯದ ಮೇಲೆ ಅಪಧಮನಿಯ ಜಾಗದಲ್ಲಿ ಹೊಲಿದರೆ, ಕೆಲವೇ ವರ್ಷಗಳಲ್ಲಿ ಅದರ ಗೋಡೆ ದಪ್ಪಗಾಗಿ ಕೊಬ್ಬು ಕಟ್ಟಬಲ್ಲದು.

ನಾಳದ ಗೋಡೆಯಲ್ಲಿ ನಡೆಯುವುದೇನು ಎಂಬುದು ಈಗ ಚೆನ್ನಾಗಿ ಗೊತ್ತಿದೆ. ಅಪಧಮನಿಯ ಒಳಮೈಗೆ ಒಂದೇ ಕೋಶದ ದಪ್ಪದ ನಯವಾದ ಹಾಸು ಇರುತ್ತದೆ. ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ತಯಾರಿಸುವುದೂ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೂ ಆ ಹಾಸೇ. ಎಡೆಬಿಡದ ಹೆಚ್ಚಿನ ಒತ್ತಡದಲ್ಲಿ ಅದು ಘಾಸಿಗೊಳ್ಳುತ್ತದೆ. ಕೊಲೆಸ್ಟರಾಲ್ ಕಣಗಳು ಗೋಡೆಯೊಳಕ್ಕೆ ನುಸುಳಿ ಗಂಟುಕಟ್ಟುತ್ತವೆ. ನಡುವಿನ ಸ್ನಾಯುಪದರ ಒತ್ತಡವನ್ನು ತಡೆದುಕೊಳ್ಳಲು ದಪ್ಪಗಾಗುತ್ತದೆ. ದಪ್ಪಗಾದಷ್ಟೂ ಒಳದಾರಿ ಕಿರಿದು. ದೊಡ್ಡ ನಾಳಗಳಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಳೆಗಳು ಲಕ್ಷೋಪಲಕ್ಷ ಬಡಿತಗಳಿಗೆ ಸಿಕ್ಕಿ ಮುರಿಯುತ್ತವೆ. ಗಡುಸಾದ ನಾಳ ಒತ್ತಡವನ್ನು ಮತ್ತೆ ಏರಿಸುತ್ತದೆ. ಹಳೆಯ ವೈದ್ಯರು ಕಂಡ ಗಡುಸುತನ ಸುಳ್ಳಲ್ಲ. ಅದನ್ನು ಅವರು ಬರೀ ಕಾರಣವೆಂದುಕೊಂಡರು, ಅದು ಪರಿಣಾಮವೂ ಹೌದೆಂಬುದು ಅವರಿಗೆ ಕಾಣಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದದ್ದನ್ನು ಈ ಸೀಮೆಯ ರೈತರೆಲ್ಲ ಬಲ್ಲರು. ಏಳು ದಶಕ ನೀರಿನ ಭಾರ ಹೊತ್ತ ಕಬ್ಬಿಣ ಒಂದೇ ಗಳಿಗೆಯಲ್ಲಿ ಸೋತಂತೆ ಕಂಡಿತು. ಸವೆತ ಮಾತ್ರ ಬಹಳ ಮುಂಚಿನದು. ಲಕ್ವವೂ ಹೀಗೆಯೇ ಒಂದು ಬೆಳಗ್ಗೆ ದಿಢೀರನೆ ಬಂದಂತೆ ಕಾಣುತ್ತದೆ. ನಾಳದ ಗೋಡೆ ಅದಕ್ಕೂ ಹತ್ತು, ಇಪ್ಪತ್ತು ವರ್ಷ ಮೊದಲಿನಿಂದ ಸವೆಯುತ್ತಿರುತ್ತದೆ.

ಇನ್ನು ಬೇರಿನ ಕಥೆ. ಸರ್ಪಗಂಧ ಪಶ್ಚಿಮಘಟ್ಟದ ತೇವದ ಕಾಡುಗಳಲ್ಲಿಯೂ ಬೆಳೆಯುವ ಸಣ್ಣ ಗಿಡ. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಇದಕ್ಕಿದೆ. ಹಾವು ಕಚ್ಚಿದರೆ, ನಿದ್ದೆ ಬಾರದಿದ್ದರೆ, ಬುದ್ಧಿ ಕೆಟ್ಟರೆ ಈ ಬೇರನ್ನು ಕೊಡುವುದು ದೇಶದ ಹಲವೆಡೆ ರೂಢಿಯಲ್ಲಿತ್ತು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಉನ್ಮಾದದ ಜೊತೆಗೆ ಏರಿದ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನಿಂದ ಹಲವು ಕ್ಷಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಕಲ್ಕತ್ತೆಯ ಉಷ್ಣವಲಯ ವೈದ್ಯ ಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು 1933ರ ಹೊತ್ತಿಗೆ ಅದರ ಗುಣಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. 1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಹಿಮಾಲಯ ಡ್ರಗ್ ಕಂಪನಿ 1934ರಲ್ಲಿ ಈ ಬೇರಿನ ಗುಳಿಗೆಯನ್ನು ಸರ್ಪಿನಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಮುಂದೆ 1970ರ ದಶಕದಲ್ಲಿ ಆ ಕಂಪನಿ ಬೆಂಗಳೂರಿಗೆ ಬಂದು ನೆಲೆಯೂರಿತು. ರೂಸ್ವೆಲ್ಟ್ ಸಾಯುವುದಕ್ಕೆ ಹನ್ನೊಂದು ವರ್ಷ ಮೊದಲೇ ಒತ್ತಡ ತಗ್ಗಿಸುವ ಗುಳಿಗೆ ಭಾರತದ ಅಂಗಡಿಗಳಲ್ಲಿ ಸಿಗುತ್ತಿತ್ತು ಎಂಬುದು ಹೆಮ್ಮೆಯ ಸಂಗತಿ. ಆ ಗುಳಿಗೆಯ ಸುದ್ದಿ ಅಷ್ಟು ವರ್ಷ ಹೊರಗಿನವರ ನಂಬಿಕೆ ಗಳಿಸದೆ ಉಳಿದದ್ದೂ ನಿಜ.

ನಂಬಿಕೆ ಹುಟ್ಟಿಸಿದ್ದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಇಟ್ಟ ಲೆಕ್ಕ. ಕೆಇಎಂ ಆಸ್ಪತ್ರೆಯ ಈ ಹೃದ್ರೋಗ ತಜ್ಞರು ವರ್ಷಗಟ್ಟಲೆ ಸರ್ಪಗಂಧ ಕೊಟ್ಟು ನೋಡಿ, 50 ರೋಗಿಗಳ ಒತ್ತಡವನ್ನು ಮದ್ದಿಗೆ ಮೊದಲು, ಮದ್ದಿನ ಹೊತ್ತಿನಲ್ಲಿ, ಮದ್ದು ನಿಲ್ಲಿಸಿದ ಮೇಲೆ ಬರೆದಿಟ್ಟುಕೊಂಡು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಲಂಡನ್ನಿನ ಪತ್ರಿಕೆಯಲ್ಲಿ ಅಂಕಿಗಳ ಸಮೇತ ಅಚ್ಚಾದ ಆ ಲೇಖನವನ್ನು ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಓದಿದರು, ಭಾರತದಿಂದಲೇ ಗುಳಿಗೆ ತರಿಸಿಕೊಂಡು ತಮ್ಮ ರೋಗಿಗಳಿಗೆ ಕೊಟ್ಟರು, ಒತ್ತಡ ಇಳಿಯುವುದನ್ನು ಕಂಡರು. 1952ರಲ್ಲಿ ಸೀಬಾದ ಮ್ಯುಲರ್, ಶ್ಲಿಟ್ಲರ್ ಮತ್ತು ಬೈನ್ ಬೇರಿನಿಂದ ರಿಸರ್ಪಿನ್ನನ್ನು ಶುದ್ಧವಾಗಿ ಬೇರ್ಪಡಿಸಿದರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಬೇರು ಅದೇ, ಗುಣ ಅದೇ, ರೋಗಿಗಳ ಕಷ್ಟವೂ ಅದೇ. 1949ರಲ್ಲಿ ಹೊಸತಾಗಿ ಸೇರಿದ್ದು ಶ್ರದ್ಧೆಯ ಅಳತೆ.

ನರಗಳ ತುದಿಯಲ್ಲಿ ಶೇಖರವಾಗಿರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ರಿಸರ್ಪಿನ್ ಬರಿದು ಮಾಡುತ್ತದೆ. ನಾಳಗಳನ್ನು ಬಿಗಿಯುವ ಸಂಕೇತ ಕ್ಷೀಣಿಸಿ ಅವು ಸಡಿಲವಾಗುತ್ತವೆ. ಇದೇ ಗುಣ ಮಿದುಳಿನಲ್ಲಿಯೂ ಕೆಲಸ ಮಾಡುವುದರಿಂದ, ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಮಂಕು, ಖಿನ್ನತೆ, ಕೈನಡುಕ ಬಂದವು. ಮೂಗು ಕಟ್ಟುವುದು, ಹೊಟ್ಟೆಹುಣ್ಣು ಕೂಡ ಕಂಡವು. ಈ ತೊಂದರೆಗಳನ್ನು ಮುಚ್ಚಿಡಬೇಕಿಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟ ಮೊಲಗಳು ಅಲುಗಾಡದೆ ಬಿದ್ದಿರುವುದನ್ನೂ, ಎಲ್-ಡೋಪಾ ಕೊಟ್ಟೊಡನೆ ಚೇತರಿಸಿಕೊಳ್ಳುವುದನ್ನೂ ಕಂಡು ಮಿದುಳಿನ ರಸಾಯನಶಾಸ್ತ್ರಕ್ಕೇ ಹೊಸ ದಾರಿ ತೆರೆದರು; 2000ದಲ್ಲಿ ನೊಬೆಲ್ ಪಡೆದರು. ರಕ್ತದೊತ್ತಡದ ವಿಚಾರದಲ್ಲಿ ಮಾತ್ರ ದೊಡ್ಡ ಪ್ರಶ್ನೆ 1950ರ ದಶಕದುದ್ದಕ್ಕೂ ಹಾಗೇ ನಿಂತಿತ್ತು. ಅಂಕಿ ಇಳಿಯುತ್ತದೆ, ಸರಿ. ಅಂಕಿ ಇಳಿದರೆ ಮನುಷ್ಯ ಉಳಿಯುತ್ತಾನೆಯೇ? ವಕೀಲರ 50 ರೋಗಿಗಳಿಂದ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ. ಮದ್ದು ತೆಗೆದುಕೊಂಡವರ ಪಕ್ಕದಲ್ಲಿ ಮದ್ದಿಲ್ಲದವರನ್ನೂ ನಿಲ್ಲಿಸಿ, ವರ್ಷಗಟ್ಟಲೆ ಕಾದು ನೋಡಬೇಕಿತ್ತು.

ಆ ಕೆಲಸ ಮಾಡಿದವರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಎಡ್ವರ್ಡ್ ಫ್ರೈಸ್ ಮತ್ತು ಅವರ ಬಳಗ. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮದ್ದು, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆ ಕೊಟ್ಟರು. ನಿಜವಾದ ಮದ್ದಿನಲ್ಲಿ ಮೂರು ಔಷಧಗಳಿದ್ದವು: ಮೂತ್ರದ ಮೂಲಕ ಉಪ್ಪನ್ನು ಹೊರಹಾಕಿಸುವ ಹೈಡ್ರೊಕ್ಲೋರೊಥಯಜೈಡ್, ನಾಳ ಸಡಿಲಿಸುವ ಹೈಡ್ರಲಜೀನ್, ಮೂರನೆಯದಾಗಿ ನಮ್ಮ ಬೇರಿನ ರಿಸರ್ಪಿನ್. 1967ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನೇ ಅಲುಗಾಡಿಸಿತು. ಹುಸಿಗುಳಿಗೆಯ ಗುಂಪಿನಲ್ಲಿ ಗಂಭೀರ ಅನಾಹುತಗಳು 27, ಮದ್ದಿನ ಗುಂಪಿನಲ್ಲಿ 2. ಸಾವು ಅಲ್ಲಿ 4, ಇಲ್ಲಿ ಒಂದೂ ಇಲ್ಲ. 1970ರಲ್ಲಿ, ಅಷ್ಟೇನೂ ಏರಿರದ ಒತ್ತಡದ 380 ಪುರುಷರಲ್ಲಿಯೂ ಐದು ವರ್ಷಗಳ ಅನಾಹುತದ ಅಂದಾಜು ಶೇ 55ರಿಂದ ಶೇ 18ಕ್ಕೆ ಇಳಿಯಿತು. ಇಳಿಸಿದರೆ ಅಪಾಯ ಎಂಬ ಹಳೆಯ ಭಯಕ್ಕೆ ಇದಕ್ಕಿಂತ ಖಚಿತವಾದ ಉತ್ತರ ಬೇಕಿರಲಿಲ್ಲ. ಈ ಅಧ್ಯಯನದ ಇನ್ನೊಂದು ವಿವರ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಪ್ರಯೋಗ ಶುರುವಾಗುವ ಮೊದಲು ಎಲ್ಲರಿಗೂ ರೈಬೊಫ್ಲೇವಿನ್ ಬೆರೆಸಿದ ಗುಳಿಗೆ ಕೊಟ್ಟು, ಮೂತ್ರ ವಿಶೇಷ ಬೆಳಕಿನಲ್ಲಿ ಹೊಳೆಯುತ್ತದೆಯೇ ಎಂದು ನೋಡುತ್ತಿದ್ದರು. ಗುಳಿಗೆ ನುಂಗದವರನ್ನೂ ತಪ್ಪದೆ ಬಾರದವರನ್ನೂ ಅಲ್ಲೇ ಕೈಬಿಟ್ಟರು. ಅಂದರೆ 27ಕ್ಕೆ 2 ಎಂಬ ಆ ಅಂಕಿ ಗುಳಿಗೆಯನ್ನು ನಿಜವಾಗಿ, ದಿನವೂ ತೆಗೆದುಕೊಂಡವರ ಅಂಕಿ.

ಊರಲ್ಲಿ, ಬೀದಿಯಲ್ಲಿ, ಎಲ್ಲ ಬಗೆಯ ಜನರ ನಡುವೆ ಇದು ನಡೆದೀತೇ ಎಂಬ ಪ್ರಶ್ನೆಗೆ 1979ರಲ್ಲಿ ಉತ್ತರ ಬಂತು. ಅಮೆರಿಕದ 14 ಪ್ರದೇಶಗಳ 10,940 ಮಂದಿಯನ್ನು ಎರಡು ಭಾಗ ಮಾಡಿದರು. ಒಂದು ಭಾಗದವರನ್ನು ಅವರವರ ವೈದ್ಯರ ಬಳಿಗೆ ಕಳಿಸಿದರು. ಇನ್ನೊಂದು ಭಾಗದವರಿಗೆ ವಿಶೇಷ ಕೇಂದ್ರಗಳಲ್ಲಿ ಹಂತಹಂತದ ಚಿಕಿತ್ಸೆ: ಮೊದಲು ಕ್ಲೋರ್‌ಥಾಲಿಡೋನ್, ಸಾಲದಿದ್ದರೆ ರಿಸರ್ಪಿನ್ ಅಥವಾ ಮೀಥೈಲ್‌ಡೋಪಾ, ಹೀಗೆ ಮುಂದೆ. ಖರ್ಚಿನ ಹೊರೆ ಇಲ್ಲ, ಬರದಿದ್ದವರನ್ನು ಹುಡುಕಿ ಕರೆಸುವ ಏರ್ಪಾಡು ಇತ್ತು. ಆ ಔಷಧಗಳು ಎರಡನೆಯ ಗುಂಪಿಗೆ ಮಾತ್ರ ಮೀಸಲಾಗಿರಲಿಲ್ಲ. ಮೊದಲ ಗುಂಪಿನವರ ವೈದ್ಯರೂ ಅವನ್ನೇ ಬರೆದುಕೊಡಬಹುದಿತ್ತು. ಐದು ವರ್ಷಗಳ ಕೊನೆಗೆ ವಿಶೇಷ ಕೇಂದ್ರಗಳ ಗುಂಪಿನಲ್ಲಿ ಸಾವು ಶೇ 17ರಷ್ಟು ಕಡಿಮೆ. ವೈದ್ಯಕೀಯ ಇತಿಹಾಸದಲ್ಲಿ ಇಷ್ಟು ಸ್ಪಷ್ಟ ಪಾಠ ವಿರಳ. ಮದ್ದು ಸಮಾನವಾಗಿ ಸಿಗುತ್ತಿದ್ದಾಗ, ಅದನ್ನು ತಲುಪಿಸುವ ಕ್ರಮವೇ ಜೀವ ಉಳಿಸಿತು. ಆಮೇಲೆ ಒಳ್ಳೊಳ್ಳೆಯ ಔಷಧಗಳು ಬಂದವು. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ ಪ್ರೊಪ್ರನೊಲಾಲ್, ಬ್ರೆಜಿಲ್ ದೇಶದ ಹಾವಿನ ವಿಷದ ಅಧ್ಯಯನದಿಂದ ಸುಳಿವು ಪಡೆದು 1981ರಲ್ಲಿ ಬಳಕೆಗೆ ಬಂದ ಕ್ಯಾಪ್ಟೊಪ್ರಿಲ್, 1990ರ ದಶಕದ ಆಮ್ಲೊಡಿಪಿನ್, ಲೊಸಾರ್ಟನ್, ಟೆಲ್ಮಿಸಾರ್ಟನ್. ಇವು ರಿಸರ್ಪಿನ್ನಿಗಿಂತ ಹಿತ, ದಿನಕ್ಕೊಂದು ನುಂಗಿದರೆ ಸಾಕಾಗುವಂಥವೂ ಹಲವು. ಆದರೂ 1979ರ ಪಾಠವನ್ನು ಇವು ಯಾವುವೂ ಅಳಿಸಲಿಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ, ಅವಕ್ಕೆ ಉತ್ತರ ಹೇಳಲೇಬೇಕು. ಬೇರು ನಮ್ಮದೇ ಆಗಿದ್ದರೆ, ಅದನ್ನೇ ಅರೆದು ಕುಡಿಯಬಾರದೇಕೆ ಎಂಬುದು ಒಂದು. ಬೇರಿನಲ್ಲಿ ಸಾರದ ಪ್ರಮಾಣ ಗಿಡದಿಂದ ಗಿಡಕ್ಕೆ, ನೆಲದಿಂದ ನೆಲಕ್ಕೆ ಬದಲಾಗುತ್ತದೆ. ಕಡಿಮೆಯಾದರೆ ಒತ್ತಡ ಇಳಿಯದು, ಹೆಚ್ಚಾದರೆ ಖಿನ್ನತೆ ಕಾಡೀತು. ಅಳತೆಯೇ ಈ ಬೇರಿಗೆ ಮಾನ ತಂದುಕೊಟ್ಟಿತೆಂದ ಮೇಲೆ, ಅಳತೆ ಬಿಟ್ಟು ಬೇರಿಗೆ ಮರಳುವುದು ಸೇನ್, ಬೋಸ್, ವಕೀಲರ ದುಡಿಮೆಗೆ ಸಲ್ಲಿಸುವ ಗೌರವವಾಗದು. ಅದೂ ಅಲ್ಲದೆ ಬೇಡಿಕೆಯ ಹೊಡೆತಕ್ಕೆ ಸರ್ಪಗಂಧ ಕಾಡಿನಲ್ಲಿ ಕ್ಷೀಣಿಸಿದೆ. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ವಯಸ್ಸಿಗೆ ನೂರು ಕೂಡಿಸಿದಷ್ಟು ಒತ್ತಡ ಸಹಜ ಎಂಬುದು ಎರಡನೆಯ ಮಾತು. ಅರವತ್ತು ದಾಟಿದವರಲ್ಲಿ ಮೇಲಿನ ಅಂಕಿ ಮಾತ್ರ ಏರಿದ್ದರೂ ಚಿಕಿತ್ಸೆಯಿಂದ ಲಕ್ವ ಶೇ 36ರಷ್ಟು ತಗ್ಗುತ್ತದೆಂದು 1991ರ ಅಧ್ಯಯನ ತೋರಿಸಿತು. ಎಂಬತ್ತು ದಾಟಿದವರಿಗೂ ಲಾಭವಿದೆಯೆಂದು 2008ರಲ್ಲಿ ಗೊತ್ತಾಯಿತು. ಹತ್ತು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿದ 2002ರ ವಿಶ್ಲೇಷಣೆಯ ಪ್ರಕಾರ, ನಡುವಯಸ್ಸಿನಲ್ಲಿ ಮೇಲಿನ ಅಂಕಿ 115ರಿಂದಾಚೆ 20 ಏರಿದಂತೆಲ್ಲ ಲಕ್ವ ಮತ್ತು ಹೃದ್ರೋಗದ ಸಾವು ದುಪ್ಪಟ್ಟಾಗುತ್ತದೆ. ಗುಳಿಗೆಯಿಂದ ಮೂತ್ರಪಿಂಡ ಕೆಡುತ್ತದೆ, ಒಮ್ಮೆ ಹಿಡಿದರೆ ಬಿಡುವಂತಿಲ್ಲ ಎಂಬುದು ಮೂರನೆಯದು, ಹಳ್ಳಿಗಳಲ್ಲಿ ಬಹಳ ಬಲವಾದದ್ದು. ಮೂತ್ರಪಿಂಡವನ್ನು ಹೆಚ್ಚಾಗಿ ಕೆಡಿಸುವುದು ಹತೋಟಿ ತಪ್ಪಿದ ಒತ್ತಡ. ವಿಲ್ಸನ್, ಬೈರಮ್ ಕಂಡದ್ದೂ ಅದನ್ನೇ. ಕೆಲವು ಗುಳಿಗೆಗಳಿಗೆ ಆಗಾಗ ರಕ್ತಪರೀಕ್ಷೆಯ ಕಾವಲು ಬೇಕು ನಿಜ, ಅದಕ್ಕೇ ವೈದ್ಯರ ಮೇಲ್ವಿಚಾರಣೆ. ಬಿಡುವಂತಿಲ್ಲ ಎಂಬುದೂ ಬಹುಪಾಲು ನಿಜವೇ. ಒತ್ತಡದ ಮೂಲಕಾರಣ ಹೆಚ್ಚಿನವರಲ್ಲಿ ಹೋಗುವಂಥದ್ದಲ್ಲ, ಗುಳಿಗೆ ನಿಂತರೆ ಅಂಕಿ ಮತ್ತೆ ಏರುತ್ತದೆ. ಅದಕ್ಕೆ ಗುಳಿಗೆಯನ್ನು ದೂರುವುದು ನ್ಯಾಯವಲ್ಲ.

ಹೊಲದಲ್ಲಿ ದುಡಿದು ಬೆವರು ಸುರಿಸುವವರಿಗೆ ಎಲ್ಲಿಯ ಬಿಪಿ, ಅದು ಪೇಟೆಯವರ ರೋಗ ಎಂಬ ನಾಲ್ಕನೆಯ ಮಾತು ಬಳ್ಳಾರಿ ಸೀಮೆಗೆ ನೇರ ಸಂಬಂಧಿಸಿದ್ದು. ಕಾಲುವೆಗೆ ಮೊದಲು ಈ ಎರೆನೆಲದ ಊಟ ಜೋಳ, ಸಜ್ಜೆ, ನವಣೆ. ಕಾಲುವೆಯ ನಂತರ ಸಿರುಗುಪ್ಪದ ಸುತ್ತ ಭತ್ತವೇ ಭತ್ತ. ಅಕ್ಕಿ ತಿಂದೇ ಬಿಪಿ ಬಂತೆನ್ನುವ ಹಿರಿಯರೂ ಇದ್ದಾರೆ. ಇತಿಹಾಸ ಇದನ್ನು ಸ್ವಲ್ಪ ತಿದ್ದುತ್ತದೆ. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ ತೀವ್ರ ಒತ್ತಡದ ರೋಗಿಗಳಿಗೆ ಬರೀ ಅನ್ನ ಮತ್ತು ಹಣ್ಣು ಕೊಟ್ಟು ಒತ್ತಡ ಇಳಿಸಿದ್ದರು. ಅವರ ಅನ್ನದಲ್ಲಿ ಉಪ್ಪು ಇರಲೇ ಇಲ್ಲ. ಹಾಗಾಗಿ ಅನುಮಾನ ಬೀಳಬೇಕಾದದ್ದು ಅನ್ನಕ್ಕಿಂತ ಮೊದಲು ಅದರ ಜೊತೆಗಿರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಮೇಲೆ, ಬೆಳಗಿನ ಒಗ್ಗರಣೆ–ಮಿರ್ಚಿಯ ಮೇಲೆ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಸರಾಸರಿ ಅದಕ್ಕಿಂತ ಬಹಳ ಮೇಲಿದೆ. ಯಂತ್ರಗಳು ಬಂದು ಕೈಕೆಲಸ ಕಡಿಮೆಯಾದದ್ದು, ತಂಬಾಕು, ಕುಡಿತ, ಬೊಜ್ಜು, ವಂಶ, ಆಯಸ್ಸು ಹೆಚ್ಚಿದ್ದು ಇವೆಲ್ಲದರ ಪಾಲೂ ಇದರಲ್ಲಿದೆ. ದುಡಿಮೆ ಒಳ್ಳೆಯ ರಕ್ಷೆ, ಅದೊಂದೇ ಸಾಲುವ ರಕ್ಷೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15 ವರ್ಷ ದಾಟಿದವರಲ್ಲಿ ಸುಮಾರು ನಾಲ್ವರಿಗೊಬ್ಬರ ಒತ್ತಡ ಏರಿತ್ತು ಅಥವಾ ಅವರು ಅದಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಪೇಟೆಯವರಷ್ಟೇ ಸೇರಿ ಇಷ್ಟು ದೊಡ್ಡ ಪಾಲು ಆಗುವುದಿಲ್ಲ.

ನನಗೇನೂ ಆಗಿಲ್ಲವಲ್ಲ ಎಂಬ ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಅದು ಅನುಭವದ ಮಾತು. ಏರಿದ ಒತ್ತಡ ಹೆಚ್ಚಿನವರಲ್ಲಿ ನೋವು ಕೊಡುವುದಿಲ್ಲ, ತಲೆ ತಿರುಗಿಸುವುದಿಲ್ಲ. ಗುಳಿಗೆ ತಿಂದರೆ ಹೊಸ ಸುಖವೇನೂ ತೋರುವುದಿಲ್ಲ, ಬಿಟ್ಟರೆ ಒಡನೆ ಕಷ್ಟವೂ ತೋರುವುದಿಲ್ಲ. ಕೂಲಿ ಬಿಟ್ಟು, ಬಸ್ಸಿಗೆ ಕೊಟ್ಟು, ಸರದಿಯಲ್ಲಿ ನಿಂತು ಗುಳಿಗೆ ತರಬೇಕಾದ ಮನುಷ್ಯ ಇಂಥದ್ದನ್ನು ಕೈಬಿಟ್ಟರೆ ಅವನನ್ನು ಅಸಡ್ಡೆಯವನೆಂದು ಜರೆಯುವುದು ತಪ್ಪು. ಹೊಣೆ ವ್ಯವಸ್ಥೆಯದೂ ಹೌದು. 1979ರ ಪಾಠವನ್ನು ನಮ್ಮ ದೇಶ ಗಂಭೀರವಾಗಿ ಎತ್ತಿಕೊಂಡದ್ದು ತಡವಾಗಿ. 2010ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ, ಲಕ್ವಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಐದು ರಾಜ್ಯಗಳಿಂದ ಹೊರಟು ಹಬ್ಬಿತು. ಅದರ ತಿರುಳು ಬಹಳ ಸರಳ: ಎಲ್ಲರಿಗೂ ಒಂದೇ ಸುಲಭ ಚಿಕಿತ್ಸಾಕ್ರಮ, ಒಮ್ಮೆ ಬಂದರೆ ಮೂವತ್ತು ದಿನದ ಗುಳಿಗೆ, ಮನೆಗೆ ಹತ್ತಿರದ ಕೇಂದ್ರದಲ್ಲೇ ವಿತರಣೆ, ಪ್ರತಿ ರೋಗಿಯ ದಾಖಲೆ, ಬಾರದವರ ವಿಚಾರಣೆ. ಮೂವತ್ತು ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗುತ್ತಾರೆ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಕರ್ನಾಟಕದ ಗೃಹ ಆರೋಗ್ಯ ಯೋಜನೆಯೂ ಇದೇ ದಾರಿಯದು.

ಬಳ್ಳಾರಿಯಲ್ಲಿ 1961ರಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿ, ಬಹುಕಾಲ ವಿಮ್ಸ್ ಎಂದು ಹೆಸರಾಗಿದ್ದು, ಸುತ್ತಲಿನ ಜಿಲ್ಲೆಗಳಿಂದಷ್ಟೇ ಅಲ್ಲದೆ ಆಂಧ್ರದ ಗಡಿಯಿಂದಲೂ ಬರುವ ರೋಗಿಗಳನ್ನು ನೋಡುತ್ತ ಬಂದಿದೆ. ಲಕ್ವ ಹೊಡೆದವರನ್ನು, ಮೂತ್ರಪಿಂಡ ಸೋತವರನ್ನು ಅಲ್ಲಿಗೆ ಹೊತ್ತೊಯ್ಯುವುದು ನಮಗೆ ಅಭ್ಯಾಸವಾಗಿದೆ. ಆದರೆ ದೊಡ್ಡಾಸ್ಪತ್ರೆ ಮಾಡಬಲ್ಲದ್ದು ಕೆಟ್ಟ ಮೇಲಿನ ಕೆಲಸ. ಸತ್ತ ಮಿದುಳಿನ ಭಾಗವನ್ನು ಯಾವ ಆಸ್ಪತ್ರೆಯೂ ಮರಳಿ ಕೊಡಲಾರದು. ಕೆಡುವ ಮೊದಲಿನ ಕೆಲಸ ಕುರುಗೋಡು, ಸಿರುಗುಪ್ಪ, ಬಾದನಹಟ್ಟಿಗಳಲ್ಲೇ ನಡೆಯಬೇಕು. ಅದಕ್ಕೆ ಬೇಕಾದದ್ದು ಸರಿಯಾಗಿ ಅಳೆಯುವ ಒಂದು ಯಂತ್ರ, ಅಗ್ಗದ ಎರಡು ಮೂರು ಬಗೆಯ ಗುಳಿಗೆ, ಒಂದು ದಾಖಲೆ ಪುಸ್ತಕ, ಹೆಸರು ಹಿಡಿದು ವಿಚಾರಿಸುವ ಒಬ್ಬ ಕಾರ್ಯಕರ್ತೆ. ಒಂದು ತಿಂಗಳು ಗುಳಿಗೆಯ ದಾಸ್ತಾನು ತಪ್ಪಿದರೂ ಬಿಟ್ಟವರು ಮರಳಿ ಬರುವುದು ಕಷ್ಟ. ಆದ್ದರಿಂದ ಪಂಚಾಯಿತಿಗಳು ಕುಡಿಯುವ ನೀರಿನ ಬಗ್ಗೆ ಕೇಳುವಷ್ಟೇ ಖಡಾಖಂಡಿತವಾಗಿ ಬಿಪಿ ಗುಳಿಗೆಯ ದಾಸ್ತಾನಿನ ಬಗ್ಗೆಯೂ ಕೇಳಬೇಕು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ಮೂವತ್ತು ದಾಟಿದ್ದರೆ ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಎರಡೂ ಅಂಕಿಗಳನ್ನು ಬರೆಸಿಕೊಳ್ಳಿ. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ವೈದ್ಯರ ಮಾತು ಕೇಳಿ, ಉಪ್ಪು ತಗ್ಗಿಸಿ, ತಂಬಾಕು ಬಿಡಿ. ಅವರು ಗುಳಿಗೆ ಬರೆದುಕೊಟ್ಟರೆ, ಚೆನ್ನಾಗಿದ್ದೇನೆ ಎನಿಸಿದ ದಿನವೂ ನುಂಗಿ. ನಿಲ್ಲಿಸಬೇಕೆನಿಸಿದರೆ ಅವರನ್ನೇ ಕೇಳಿ. ಸರ್ಪಗಂಧದ ಬೇರು ಜಗತ್ತಿನ ಔಷಧವಾಗಲು ಎರಡು ದಶಕ ಬೇಕಾಯಿತು, ಆ ಔಷಧ ಜೀವ ಉಳಿಸುತ್ತದೆಂದು ಸಾಬೀತಾಗಲು ಇನ್ನೂ ಒಂದೂವರೆ ದಶಕ. ಆ ಸಾಕ್ಷ್ಯ ಈಗ ನಮ್ಮ ಕೈಯಲ್ಲಿದೆ, ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ ಸಿಗಬೇಕಾದ ಹಕ್ಕಿನ ವಸ್ತುವಾಗಿದೆ. ಸಿಕ್ಕರೆ ಬಿಡದೆ ತೆಗೆದುಕೊಳ್ಳಿ, ಸಿಗದಿದ್ದರೆ ಸಿಗುವವರೆಗೆ ಕೇಳಿ.